ಅರಣ್ಯದಲ್ಲಿ ನೆರೆಮರಗಳ ಪ್ರಭಾವ

ಮನೆ ಕಟ್ಟಿಸಲು ಹೊರಟವನು ನಿವೇಶನವನ್ನು ನೋಡುವುದಕ್ಕೆ ಮೊದಲು ನೆರೆಹೊರೆಯನ್ನು ವಿಚಾರಿಸುತ್ತಾನೆ. ನೆರೆ ಒಪ್ಪಿಗೆಯಾಗದಿದ್ದರೆ ಬೇರೆ ಊರೋ ಬೇರೆ ಕೇರಿಯೋ ಅವನಿಗೆ ತೆರೆದೇ ಇರುತ್ತದೆ. ಮರಕ್ಕಾದರೋ ಆ ಸ್ವಾತಂತ್ರ್ಯವಿಲ್ಲ. ಬೀಜವು ಬಿದ್ದು ಬೇರೂರಿದ ಸ್ಥಳವೇ ಅದರ ಆಯುಷ್ಯದ ಕೊನೆಯವರೆಗಿನ ನೆಲೆ. ಅಕ್ಕಪಕ್ಕದಲ್ಲಿ ಯಾವ ಮರವಿದೆ, ಎಷ್ಟು ದೂರದಲ್ಲಿದೆ, ಎಷ್ಟು ದೊಡ್ಡದು, ತನ್ನ ಜಾತಿಯದೋ ಅನ್ಯ ಜಾತಿಯದೋ ಎಂಬ ನಾಲ್ಕು ಸಂಗತಿಗಳು ಅದರ ಬೆಳವಣಿಗೆಯನ್ನೂ ಅಳಿವು ಉಳಿವುಗಳನ್ನೂ ಬಹುಮಟ್ಟಿಗೆ ನಿರ್ಣಯಿಸುತ್ತವೆ.

ಈ ವಿಷಯವು ಕೇವಲ ಸಸ್ಯಶಾಸ್ತ್ರಜ್ಞರ ಕುತೂಹಲಕ್ಕೆ ಮೀಸಲಾದುದಲ್ಲ. ತೇಗದ ತೋಪನ್ನು ಬೆಳೆಸುವವರಿಗೆ, ಹೊಲದಲ್ಲಿ ಶ್ರೀಗಂಧವನ್ನು ನೆಡುವ ರೈತರಿಗೆ, ಕಡಿದ ಕಾಡಿಗೆ ಪ್ರತಿಯಾಗಿ ಹೊಸ ಕಾಡನ್ನು ನಿರ್ಮಿಸುವೆವೆಂದು ಹೇಳುವ ಸರಕಾರಗಳಿಗೆ ಇದರ ತಿಳಿವಳಿಕೆ ಅತ್ಯಗತ್ಯ. ಮರಗಳನ್ನು ಎಣಿಸಿದ ಮಾತ್ರಕ್ಕೆ ಅರಣ್ಯವು ಅರ್ಥವಾಗುವುದಿಲ್ಲ; ಅವುಗಳ ನಡುವಣ ಸಂಬಂಧವನ್ನು ಅರಿಯಬೇಕಾಗುತ್ತದೆ.

೧. ಬೆಳಕಿಗಾಗಿ ಹೋರಾಟ

ಒಂದು ಮರವು ಮತ್ತೊಂದರ ಮೇಲೆ ಪ್ರಭಾವ ಬೀರುವ ಮಾರ್ಗಗಳು ಮುಖ್ಯವಾಗಿ ಮೂರು. ಮೇಲೆ ಬೆಳಕು, ಕೆಳಗೆ ನೀರು ಮತ್ತು ಲವಣಗಳು, ಇವೆರಡರ ನಡುವೆ ಮರದಿಂದ ಮರಕ್ಕೆ ಸಂಚರಿಸುವ ಕೀಟ, ರೋಗ, ಪ್ರಾಣಿ ಮತ್ತು ಬೆಂಕಿ.

ಇವುಗಳಲ್ಲಿ ಬೆಳಕಿನ ಹೋರಾಟವು ಸಮಬಲರ ಹೋರಾಟವಲ್ಲ. ಎತ್ತರದ ಮರವು ಗಿಡ್ಡ ಮರಕ್ಕೆ ನೆರಳು ಮಾಡುತ್ತದೆಯೇ ಹೊರತು ಗಿಡ್ಡ ಮರವು ಎತ್ತರದ ಮರಕ್ಕೆ ನೆರಳು ಮಾಡಲಾರದು. ಆದುದರಿಂದ ಆರಂಭದಲ್ಲಿ ಗೇಣುದ್ದ ಮುಂದಾದ ಸಸಿಯು ವರ್ಷ ವರ್ಷಕ್ಕೂ ತನ್ನ ಮುನ್ನಡೆಯನ್ನು ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ನೆಲದೊಳಗಿನ ಸ್ಪರ್ಧೆ ಇಷ್ಟು ಏಕಪಕ್ಷೀಯವಲ್ಲ. ಅಲ್ಲಿ ಹೆಚ್ಚು ಬೇರುಳ್ಳ ಮರವು ಹೆಚ್ಚು ನೀರನ್ನೂ ಕಡಿಮೆ ಬೇರುಳ್ಳದ್ದು ಕಡಿಮೆ ನೀರನ್ನೂ ಪಡೆಯುತ್ತವೆ. ಸಣ್ಣದೂ ದೊಡ್ಡದರ ಪಾಲಿನಲ್ಲಿ ಕೊಂಚ ಕಿತ್ತುಕೊಳ್ಳಬಲ್ಲುದು. ಮಳೆ ಹೆಚ್ಚಿರುವ ನಿತ್ಯಹರಿದ್ವರ್ಣದ ಕಾಡಿನಲ್ಲಿ ಬೆಳಕಿನ ಹೋರಾಟ ಪ್ರಬಲ. ಮಳೆ ಕಡಿಮೆಯಾದಂತೆ ನೀರಿನ ಹೋರಾಟ ಮುಂದೆ ಬರುತ್ತದೆ.

ನೆರಳಿಗೆ ಸಿಕ್ಕಿದ ಮರದ ಅವನತಿಯಲ್ಲಿ ಒಂದು ಕ್ರಮವಿದೆ. ಮೊದಲು ಅದರ ಕೆಳಗಿನ ಕೊಂಬೆಗಳು ಒಣಗುತ್ತವೆ. ಅನಂತರ ಕಾಂಡದ ದಪ್ಪ ಹೆಚ್ಚುವುದು ನಿಂತುಹೋಗುತ್ತದೆ; ಇದ್ದ ಶಕ್ತಿಯನ್ನೆಲ್ಲ ಮರವು ಎತ್ತರಕ್ಕೆ ವಿನಿಯೋಗಿಸುತ್ತದೆ. ಎಲೆಗಳು ತಯಾರಿಸುವ ಸಕ್ಕರೆ ಮರದ ಉಸಿರಾಟಕ್ಕೇ ಸಾಲದ ಸ್ಥಿತಿ ಬಂದಾಗ ಬೇರುಗಳು ಕ್ಷೀಣಿಸುತ್ತವೆ. ಆಮೇಲೆ ಬರುವ ಒಂದು ಬರಗಾಲವೋ ಒಂದು ಕೀಟದ ಹಾವಳಿಯೋ ಅದನ್ನು ಮುಗಿಸುತ್ತದೆ. ನೋಡಿದವರು ಬರದಿಂದ ಸತ್ತಿತೆನ್ನುತ್ತಾರೆ. ವಾಸ್ತವವಾಗಿ ಆ ಸಾವು ಹಲವು ವರ್ಷಗಳ ಹಿಂದೆಯೇ ನೆರೆಮರದ ನೆರಳಿನಲ್ಲಿ ಆರಂಭವಾಗಿತ್ತು.

ಒತ್ತಾಗಿ ಬಂದ ರಾಗಿಯ ಹೊಲಕ್ಕೆ ಕುಂಟೆ ಹಾಯಿಸಿ ಪೈರನ್ನು ವಿರಳಗೊಳಿಸುವ ರೈತನು ಈ ತತ್ತ್ವವನ್ನು ಬಲ್ಲನು. ಅರಣ್ಯಶಾಸ್ತ್ರವೂ ಅದನ್ನೇ ಅನುಸರಿಸುತ್ತದೆ. ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಆಗಿದ್ದ ಕಾನೊಲಿಯ ಉತ್ತೇಜನದಿಂದ ಚಾತು ಮೆನನ್ ಅವರು ತೇಗದ ತೋಪುಗಳನ್ನು ನೆಡಿಸಿದರು. ಅಂದಿನಿಂದ ಬೆಳೆದುಬಂದ ತೇಗದ ಕೃಷಿಯಲ್ಲಿ ಸಸಿಗಳನ್ನು ಸಾಮಾನ್ಯವಾಗಿ ಆರು ಅಡಿಗೊಂದರಂತೆ ನೆಡುವ ವಾಡಿಕೆಯುಂಟು. ಆ ಲೆಕ್ಕದಲ್ಲಿ ಎಕರೆಗೆ 1,210 ಸಸಿಗಳಾಗುತ್ತವೆ. ಇಷ್ಟು ಮರಗಳು ಕೊನೆಯವರೆಗೆ ಉಳಿಯಲೆಂದು ಯಾರೂ ನೆಡುವುದಿಲ್ಲ. ಎಳೆತನದಲ್ಲಿ ನೆರೆಯ ಒತ್ತಡವಿದ್ದರೆ ಕಾಂಡವು ಕವಲೊಡೆಯದೆ ನೇರವಾಗಿ ಏಳುತ್ತದೆ. ಆದುದರಿಂದ ಮೊದಲು ಒತ್ತಾಗಿ ನೆಟ್ಟು, ಬಳಿಕ ಹಂತ ಹಂತವಾಗಿ ಕಡಿದು ತೆಳುಗೊಳಿಸುತ್ತಾರೆ. ತೆಳುಗೊಳಿಸುವ ಕಾಲವನ್ನು ಮೀರಿಸಿದ ತೋಪಿನಲ್ಲಿ ಮರಗಳ ಸಂಖ್ಯೆ ಹೆಚ್ಚಾಗಿರುತ್ತದೆ. ದಿಮ್ಮಿಯಾಗಬಲ್ಲ ಮರ ಮಾತ್ರ ಕಡಿಮೆಯಾಗಿರುತ್ತದೆ.

ಮನುಷ್ಯನು ಕಡಿಯದಿದ್ದರೆ ಅರಣ್ಯವೇ ತನ್ನನ್ನು ತೆಳುಗೊಳಿಸಿಕೊಳ್ಳುತ್ತದೆ. ಅಮೆರಿಕದ ರೈನೆಕೆ ಎಂಬ ಅರಣ್ಯಶಾಸ್ತ್ರಜ್ಞನು 1933ರಲ್ಲಿ ಸಮವಯಸ್ಕ ಮರಗಳ ದಟ್ಟವಾದ ತೋಪುಗಳನ್ನು ಪರಿಶೀಲಿಸಿ, ಮರಗಳ ಸರಾಸರಿ ವ್ಯಾಸಕ್ಕೂ ಅಲ್ಲಿ ನಿಲ್ಲಬಲ್ಲ ಮರಗಳ ಸಂಖ್ಯೆಗೂ ಒಂದು ನಿಶ್ಚಿತ ಸಂಬಂಧವಿದೆಯೆಂದು ತೋರಿಸಿದನು. ಆತನ ಸೂತ್ರದಂತೆ ವ್ಯಾಸವು ಇಮ್ಮಡಿಯಾಗುವಷ್ಟರಲ್ಲಿ ಮರಗಳ ಸಂಖ್ಯೆ ಸುಮಾರು ಮೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. 900 ಮರಗಳಿದ್ದೆಡೆ ಸುಮಾರು 300 ಉಳಿದು ಮಿಕ್ಕವು ಸಾಯಬೇಕು. 1963ರಲ್ಲಿ ಜಪಾನಿನ ಯೋಡ ಮತ್ತು ಆತನ ಸಂಗಡಿಗರು ಗಿಡಮೂಲಿಕೆಗಳಿಂದ ಹಿಡಿದು ಮರಗಳವರೆಗೆ ಇಂತಹುದೇ ನಿಯಮವನ್ನು ಸಸ್ಯಗಳ ತೂಕದ ಲೆಕ್ಕದಲ್ಲಿ ನಿರೂಪಿಸಿದರು. ಘಾತಾಂಕದ ನಿಖರತೆಯನ್ನು ಕುರಿತು ಮುಂದೆ ವಾದಗಳಾದುವು; ಮೂಲ ಸಂಗತಿ ಮಾತ್ರ ನಿಂತಿತು.

೨. ನೆರೆಯನ್ನು ಅಳೆಯುವ ಬಗೆ

ನೆರೆಯ ಒತ್ತಡವನ್ನು ಅಂಕಿಯಲ್ಲಿ ಹೇಳಲು ಸಾಧ್ಯವೇ? 1974ರಲ್ಲಿ ಹೆಗ್ಯಿ ಎಂಬಾತನು ಸೂಚಿಸಿದ ಬಗೆ ಸರಳವಾಗಿದೆ. ನೆರೆಮರದ ವ್ಯಾಸವನ್ನು ಪರೀಕ್ಷಿಸಬೇಕಾದ ಮರದ ವ್ಯಾಸದಿಂದ ಭಾಗಿಸಿ, ಬಂದ ಲಬ್ಧವನ್ನು ಅವೆರಡರ ನಡುವಣ ದೂರದಿಂದ ಭಾಗಿಸಬೇಕು. ಸುತ್ತಲಿನ ಎಲ್ಲ ನೆರೆಮರಗಳಿಗೂ ಹೀಗೆ ಮಾಡಿ ಕೂಡಿಸಿದರೆ ಆ ಮರದ ಮೇಲಿನ ಒತ್ತಡದ ಸೂಚ್ಯಂಕ ದೊರೆಯುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. 20 ಸೆಂಟಿಮೀಟರ್ ವ್ಯಾಸದ ಮರವೊಂದಕ್ಕೆ ಮೂರು ನೆರೆಗಳಿವೆಯೆನ್ನೋಣ. 4 ಮೀಟರ್ ದೂರದಲ್ಲಿ 40 ಸೆಂಟಿಮೀಟರಿನದು, 2 ಮೀಟರ್ ದೂರದಲ್ಲಿ 10 ಸೆಂಟಿಮೀಟರಿನದು, 10 ಮೀಟರ್ ದೂರದಲ್ಲಿ 30 ಸೆಂಟಿಮೀಟರಿನದು. ಅವುಗಳ ಒತ್ತಡ ಕ್ರಮವಾಗಿ 0.50, 0.25 ಮತ್ತು 0.15, ಒಟ್ಟು 0.90. ತೀರ ಹತ್ತಿರವಿರುವ ಸಣ್ಣ ಮರಕ್ಕಿಂತ ಕೊಂಚ ದೂರದ ದೊಡ್ಡ ಮರದ ಒತ್ತಡವೇ ಇಮ್ಮಡಿಯೆಂಬುದು ಇಲ್ಲಿ ಗೋಚರವಾಗುತ್ತದೆ. ಆ ದೊಡ್ಡ ಮರವೊಂದನ್ನು ತೆಗೆದರೆ ಸೂಚ್ಯಂಕವು 0.40ಕ್ಕೆ ಇಳಿಯುತ್ತದೆ. ತೆಳುಗೊಳಿಸುವಾಗ ಯಾವ ಮರವನ್ನು ಕಡಿಯಬೇಕೆಂಬ ಪ್ರಶ್ನೆಗೆ ಇಂತಹ ಲೆಕ್ಕವು ದಾರಿ ತೋರಿಸುತ್ತದೆ.

ಆದರೆ ಈ ಸೂತ್ರದಲ್ಲಿ ಒಂದು ಕೊರತೆಯಿದೆ. ನೆರೆಮರದ ಗಾತ್ರವನ್ನೂ ದೂರವನ್ನೂ ಅದು ಕೇಳುತ್ತದೆ, ಜಾತಿಯನ್ನು ಕೇಳುವುದಿಲ್ಲ. ಒಂದೇ ಜಾತಿಯ ತೋಪಿನಲ್ಲಿ ಇದರಿಂದ ಬಾಧಕವಿಲ್ಲ. ನೂರಾರು ಜಾತಿಗಳು ಬೆರೆತ ಉಷ್ಣವಲಯದ ಕಾಡಿನಲ್ಲಿ ಜಾತಿಯೇ ಮುಖ್ಯವಾದ ಪ್ರಶ್ನೆಯಾಗುತ್ತದೆ.

೩. ಸ್ವಜಾತಿಯ ನೆರೆ

ಉಷ್ಣವಲಯದ ಕಾಡಿನಲ್ಲಿ ಒಂದು ಮರವನ್ನು ಕಂಡವನು ಅದೇ ಜಾತಿಯ ಇನ್ನೊಂದನ್ನು ಹುಡುಕಬೇಕಾದರೆ ಬಹುದೂರ ನಡೆಯಬೇಕಾಗುತ್ತದೆಂಬ ಸಂಗತಿಯನ್ನು ಆಲ್ಫ್ರೆಡ್ ರಸೆಲ್ ವಾಲೆಸ್ 1878ರಲ್ಲಿಯೇ ಗುರುತಿಸಿದ್ದನು. ಬೀಜಗಳಲ್ಲಿ ಬಹುಪಾಲು ತಾಯಿಮರದ ಬುಡದಲ್ಲಿಯೇ ಬೀಳುತ್ತವೆ. ಹಾಗಿದ್ದೂ ಬುಡದ ಸುತ್ತ ಅದೇ ಜಾತಿಯ ಮರಗಳ ಗುಂಪು ಏಕೆ ಏಳುವುದಿಲ್ಲ?

ಇದಕ್ಕೆ 1970ರಲ್ಲಿ ಡೇನಿಯಲ್ ಜಾನ್ಸೆನ್, 1971ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಕಾಡುಗಳಲ್ಲಿ ಕೆಲಸ ಮಾಡಿದ ಜೋಸೆಫ್ ಕಾನೆಲ್, ಬೇರೆ ಬೇರೆಯಾಗಿ ಒಂದೇ ಉತ್ತರವನ್ನು ಮುಂದಿಟ್ಟರು. ಪ್ರತಿಯೊಂದು ಜಾತಿಯ ಮರಕ್ಕೂ ಅದನ್ನೇ ಅವಲಂಬಿಸಿದ ಕೀಟಗಳೂ ರೋಗಾಣುಗಳೂ ಉಂಟು. ದೊಡ್ಡ ಮರವು ಅವುಗಳಿಗೆ ಶಾಶ್ವತವಾದ ಬೀಡು. ಅದರ ಬುಡದಲ್ಲಿ ಅದೇ ಜಾತಿಯ ಎಳೆಸಸಿಗಳು ಒತ್ತಾಗಿ ಮೊಳೆತಾಗ ಶತ್ರುಗಳಿಗೆ ಸುಲಭವಾದ ಆಹಾರ ಸಿಕ್ಕಿದಂತಾಗುತ್ತದೆ. ದೊಡ್ಡ ಮರವು ತಾಳಿಕೊಳ್ಳುವ ರೋಗವನ್ನು ಎರಡೆಲೆಯ ಸಸಿ ತಾಳಲಾರದು. ದೂರಕ್ಕೆ ಹೋಗಿ ಅನ್ಯಜಾತಿಯ ಮರಗಳ ನಡುವೆ ಬಿದ್ದ ಬೀಜವು ಉಳಿದುಕೊಳ್ಳುತ್ತದೆ. ಹೀಗೆ ಪ್ರತಿಯೊಂದು ಮರವೂ ತನ್ನ ಸುತ್ತಣ ನೆಲವನ್ನು ತನ್ನ ಸಂತತಿಗೆ ಅಪಾಯಕರವಾಗಿಯೂ ಅನ್ಯರಿಗೆ ಅನುಕೂಲವಾಗಿಯೂ ಮಾಡುತ್ತದೆ. ಒಂದು ಜಾತಿ ಅತಿಯಾಗಿ ಹೆಚ್ಚದಂತೆ ಇದು ತಡೆಯಾಗುತ್ತದೆ. ಹಲವು ಜಾತಿಗಳು ಒಂದೆಡೆ ಬಾಳುವುದಕ್ಕೆ ಅವಕಾಶವಾಗುತ್ತದೆ.

ಈ ಊಹೆಗೆ ಸ್ಪಷ್ಟವಾದ ಪ್ರಮಾಣವೊಂದು ಉಷ್ಣವಲಯದಿಂದಲ್ಲ, ಅಮೆರಿಕದ ಇಂಡಿಯಾನ ಸಂಸ್ಥಾನದಿಂದ ಬಂದಿತು. ಪ್ಯಾಕರ್ ಮತ್ತು ಕ್ಲೇ ಎಂಬ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಪ್ಪು ಚೆರಿ ಮರದ ಸಸಿಗಳು ತಾಯಿಮರದ ಹತ್ತಿರ ಬೇಗ ಸಾಯುತ್ತಿದ್ದುವು. 25–30 ಮೀಟರ್ ದೂರದಲ್ಲಿ ಹೆಚ್ಚಾಗಿ ಉಳಿಯುತ್ತಿದ್ದುವು. ತಾಯಿಮರದ ಬುಡದ ಮಣ್ಣನ್ನು ತಂದು ಕಾಯಿಸಿ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ನಾಶಪಡಿಸಿ ಸಸಿಗಳನ್ನು ಬೆಳೆಸಿದಾಗ ಅವು ಬದುಕಿದುವು. ಆದುದರಿಂದ ದೋಷವು ನೆರಳಿನದಲ್ಲ, ಮಣ್ಣಿನೊಳಗಿನ ಜೀವಿಯದೆಂದು ಸಿದ್ಧವಾಯಿತು. ಆ ಜೀವಿ ಪಿಥಿಯಂ ಎಂಬ, ಬೂಷ್ಟನ್ನು ಹೋಲುವ ರೋಗಾಣು. ಹೊಗೆಸೊಪ್ಪಿನ ಸಸಿಮಡಿಗಳಲ್ಲಿ ಸಸಿಗಳು ಬುಡದಲ್ಲಿ ಕೊಳೆತು ಬೀಳುವುದಕ್ಕೂ ಇದೇ ಕುಲದ ರೋಗಾಣು ಕಾರಣ. ಮಲೆನಾಡಿನ ಅಡಕೆಗೆ ಬರುವ ಕೊಳೆರೋಗದ ರೋಗಾಣುವು ಇದರ ಬಂಧುವರ್ಗಕ್ಕೆ ಸೇರಿದುದು. ಇನ್ನೊಂದು ಸ್ವಾರಸ್ಯವೂ ಇದೆ. ಇದೇ ಚೆರಿ ಮರವನ್ನು ಯುರೋಪಿಗೆ ಒಯ್ದು ನೆಟ್ಟಾಗ ಅದು ಅಲ್ಲಿನ ಕಾಡುಗಳಲ್ಲಿ ಮಿತಿಮೀರಿ ಹರಡಿತು. ಅಲ್ಲಿ ತಾಯಿಮರದ ಬುಡದ ಮಣ್ಣು ಸಸಿಗಳಿಗೆ ಅಂತಹ ಮಾರಕವಾಗಿರಲಿಲ್ಲವೆಂದು 2003ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ಗೊತ್ತಾಯಿತು.

೪. ಪನಾಮಾದ ದ್ವೀಪ

ಉಷ್ಣವಲಯದಲ್ಲಿ ಈ ಪ್ರಶ್ನೆಗೆ ದೀರ್ಘವಾದ ಪರೀಕ್ಷೆಯೊಂದು ನಡೆದಿರುವುದು ಪನಾಮಾ ಕಾಲುವೆಯ ಗಾಟೂನ್ ಸರೋವರದಲ್ಲಿರುವ ಬ್ಯಾರೊ ಕೊಲರಾಡೊ ದ್ವೀಪದಲ್ಲಿ. ಕಾಲುವೆಗಾಗಿ ನದಿಗೆ ಅಣೆ ಕಟ್ಟಿದಾಗ ನೀರಿನಿಂದ ಸುತ್ತುವರಿಯಲ್ಪಟ್ಟ ಗುಡ್ಡವೇ ಈ ದ್ವೀಪ. 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ ಅವರು ಇಲ್ಲಿ 50 ಹೆಕ್ಟೇರುಗಳನ್ನು ಗುರುತು ಮಾಡಿ, ಕನಿಷ್ಠಪಕ್ಷ ಒಂದು ಸೆಂಟಿಮೀಟರ್ ದಪ್ಪವಿದ್ದ ಪ್ರತಿಯೊಂದು ಕಾಂಡವನ್ನೂ ಅಳೆದು, ಹೆಸರು ಹಚ್ಚಿ, ನಕ್ಷೆಯಲ್ಲಿ ಅದರ ಸ್ಥಾನವನ್ನು ಗುರುತಿಸಿದರು. ಎರಡು ಲಕ್ಷಕ್ಕೂ ಮಿಕ್ಕ ಕಾಂಡಗಳು, ಸುಮಾರು 300 ಜಾತಿಗಳು. 1985ರಿಂದ ಐದು ವರ್ಷಗಳಿಗೊಮ್ಮೆ ಗಣತಿಯನ್ನು ನಡೆಸುತ್ತ ಬರಲಾಗಿದೆ. ಯಾವ ಮರದ ನೆರೆಯಲ್ಲಿ ಯಾವುದು ನಿಂತಿತು, ಯಾವುದು ಬೆಳೆಯಿತು, ಯಾವುದು ಸತ್ತಿತೆಂಬುದು ಹೀಗೆ ಲೆಕ್ಕಕ್ಕೆ ಸಿಕ್ಕಿತು.

ಇದೇ ದ್ವೀಪದಲ್ಲಿ ಕೆರೊಲ್ ಆಗ್‌ಸ್ಪರ್ಗರ್ ಅವರು ಪ್ಲ್ಯಾಟಿಪೋಡಿಯಂ ಎಂಬ, ಗಾಳಿಯಲ್ಲಿ ಬೀಜ ಹಾರಿಸುವ ಮರವನ್ನು ಕುರಿತು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಮರದ ಹತ್ತಿರ ಮೊಳೆತ ಸಸಿಗಳು ಮೊದಲ ಕೆಲವು ತಿಂಗಳುಗಳಲ್ಲಿಯೇ ಕೊಳೆರೋಗಕ್ಕೆ ತುತ್ತಾಗುವುದನ್ನು ತೋರಿಸಿದರು. ಮರವೊಂದು ಉರುಳಿ ಬಿಸಿಲು ಬೀಳುವ ತೆರಪಿನಲ್ಲಿ ಮೊಳೆತ ಸಸಿಗಳಿಗೆ ಈ ರೋಗದ ಬಾಧೆ ಕಡಿಮೆ. ನೆರೆಯ ನೆರಳೂ ನೆರೆಯ ರೋಗವೂ ಪ್ರತ್ಯೇಕವಾದ ಎರಡು ಶಕ್ತಿಗಳಲ್ಲ. ಒಂದು ಇನ್ನೊಂದನ್ನು ಬಲಪಡಿಸುತ್ತದೆ.

2000ದಲ್ಲಿ ಹಾರ್ಮ್ಸ್ ಮತ್ತು ಸಂಗಡಿಗರು ಬೀಜಗಳನ್ನು ಬಲೆಗಳಲ್ಲಿ ಹಿಡಿದೆಣಿಸಿ, ಅವುಗಳ ಪಕ್ಕದಲ್ಲಿ ಮೊಳೆತ ಸಸಿಗಳೊಡನೆ ಹೋಲಿಸಿದರು. ಪರೀಕ್ಷಿಸಿದ 53 ಜಾತಿಗಳಲ್ಲಿಯೂ, ಬೀಜ ಹೆಚ್ಚು ಬಿದ್ದೆಡೆ ಸಸಿಯಾಗುವ ಪ್ರಮಾಣವು ಕಡಿಮೆಯಾಗಿತ್ತು. 2010ರಲ್ಲಿ ಲೀಸಾ ಕೊಮಿಟಾ ಮತ್ತು ಸಂಗಡಿಗರು 180 ಜಾತಿಗಳ 30,000ಕ್ಕೂ ಹೆಚ್ಚು ಸಸಿಗಳ ಅಳಿವು ಉಳಿವುಗಳನ್ನು ಪರಿಶೀಲಿಸಿ ಇನ್ನೊಂದು ಸಂಗತಿಯನ್ನು ಕಂಡರು: ಸ್ವಜಾತಿಯ ನೆರೆಯಿಂದಾಗುವ ಹಾನಿ ವಿರಳ ಜಾತಿಗಳಿಗೆ ಹೆಚ್ಚು, ಸಾಮಾನ್ಯ ಜಾತಿಗಳಿಗೆ ಕಡಿಮೆ. ಕಾಡಿನಲ್ಲಿ ಒಂದು ಜಾತಿ ವಿರಳವಾಗಿರುವುದಕ್ಕೆ ಈ ಸೂಕ್ಷ್ಮತೆಯೇ ಒಂದು ಕಾರಣವಾಗಿರಬಹುದು. 2014ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿ ಶಿಲೀಂಧ್ರನಾಶಕವನ್ನು ಸಿಂಪಡಿಸಿ ನೋಡಿದ ಪ್ರಯೋಗದ ಫಲವು ಪ್ರಕಟವಾಯಿತು. ರೋಗಕಾರಕ ಶಿಲೀಂಧ್ರಗಳನ್ನು ಅಡಗಿಸಿದೆಡೆ ಸಸಿಗಳ ಜಾತಿವೈವಿಧ್ಯವು ಕುಗ್ಗಿತು.

ಈ ನಿರ್ಣಯಗಳೆಲ್ಲ ವಿವಾದಾತೀತವಾದುವಲ್ಲ. ಬೀಜ ಸಸಿಗಳನ್ನು ಎಣಿಸುವುದರಲ್ಲಿನ ಸಣ್ಣ ತಪ್ಪುಗಳೇ ಇಂತಹ ಪರಿಣಾಮವಿರುವಂತೆ ಭ್ರಮೆ ಹುಟ್ಟಿಸಬಲ್ಲುವೆಂದು ಸಂಖ್ಯಾಶಾಸ್ತ್ರಜ್ಞರು ಎಚ್ಚರಿಸಿದರು. ಆ ದೋಷಗಳನ್ನು ನಿವಾರಿಸಿ 23 ಅರಣ್ಯ ಪ್ರದೇಶಗಳ ಗಣತಿಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವೊಂದು 2024ರಲ್ಲಿ ಹೊರಬಂದಿತು. ಸ್ವಜಾತಿಯ ನೆರೆಯಿಂದ ಹಾನಿಯೆಂಬುದು ಸರಾಸರಿಯಲ್ಲಿ ಉಷ್ಣವಲಯದಲ್ಲಿಯೇ ಹೆಚ್ಚೆಂದು ಹೇಳಲಾಗದು. ಆದರೆ ಉಷ್ಣವಲಯದ ವಿರಳ ಜಾತಿಗಳಲ್ಲಿ ಅದು ಪ್ರಬಲವಾಗಿದೆಯೆಂದು ಅದರ ನಿರ್ಣಯ.

೫. ಮುದುಮಲೈಯ ಪಾಠ

ಬಂಡೀಪುರದ ಕಾಡಿಗೆ ಅಂಟಿಕೊಂಡಿರುವ, ತಮಿಳುನಾಡಿನ ಮುದುಮಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪನಾಮಾದ ಮಾದರಿಯಲ್ಲಿಯೇ 50 ಹೆಕ್ಟೇರುಗಳ ಪ್ರದೇಶವೊಂದನ್ನು 1988ರಲ್ಲಿ ಗುರುತಿಸಿ ಗಣತಿಯನ್ನಾರಂಭಿಸಿದರು. ಇದು ಎಲೆಯುದುರುವ ಒಣಕಾಡು. ತೇಗ, ಮತ್ತಿ, ದಿಂಡಿಗ, ನಂದಿ ಇಲ್ಲಿನ ಮುಖ್ಯ ಮರಗಳು. ಮೊದಲ ಗಣತಿಯಲ್ಲಿ ದೊರೆತ ಕಾಂಡಗಳು ಸುಮಾರು 26 ಸಾವಿರ, ಜಾತಿಗಳು ಸುಮಾರು 70. ಪನಾಮಾದ ಅಷ್ಟೇ ನೆಲದಲ್ಲಿ ಇದರ ಹಲವು ಪಟ್ಟು ಕಾಂಡಗಳಿದ್ದುದನ್ನು ನೆನೆದರೆ ಎರಡು ಕಾಡುಗಳ ಅಂತರವು ತಿಳಿಯುತ್ತದೆ.

ಇಲ್ಲಿ ಎಳೆಯ ಮರಗಳ ಸಾವಿಗೆ ಪ್ರಧಾನ ಕಾರಣಗಳು ಎರಡು: ಆನೆ ಮತ್ತು ಬೆಂಕಿ. ಬೆಂಡೆ ಮರವನ್ನು ಆನೆಗಳು ಬಹಳವಾಗಿ ಮುರಿದು ತಿನ್ನುವುದರಿಂದ ಅದರ ಸಂಖ್ಯೆ ಗಣತಿಯಿಂದ ಗಣತಿಗೆ ಕುಸಿಯಿತು. ಬೇಸಗೆಯಲ್ಲಿ ಹುಲ್ಲಿಗೆ ಹತ್ತಿದ ಕಿಚ್ಚು ಸಣ್ಣ ಕಾಂಡಗಳನ್ನು ಸುಡುತ್ತದೆ. ತೊಗಟೆ ದಪ್ಪವಾದ ದೊಡ್ಡ ಮರಗಳು ಉಳಿಯುತ್ತವೆ. ಇಂತಹ ಕಾಡಿನಲ್ಲಿ ನೆರೆಮರದ ಪ್ರಭಾವವಿಲ್ಲವೆಂದಲ್ಲ; ಅದು ಸುತ್ತುಬಳಸಿ ಬರುತ್ತದೆ. ಮರಗಳು ಒತ್ತಾಗಿದ್ದೆಡೆ ನೆರಳಿನಿಂದ ಹುಲ್ಲು ತೆಳುವಾಗುತ್ತದೆ, ಬೆಂಕಿಗೆ ಮೇವು ಕಡಿಮೆಯಾಗುತ್ತದೆ. ಮರಗಳು ವಿರಳವಾದೆಡೆ ಹುಲ್ಲೂ ಲಂಟಾನವೂ ಹಬ್ಬಿ ಎಳೆಸಸಿಗಳನ್ನು ಅಡಗಿಸುತ್ತವೆ. ಒದ್ದೆಯ ಕಾಡಿನಲ್ಲಿ ಕಂಡುಹಿಡಿದ ನಿಯಮವನ್ನು ಒಣಕಾಡಿಗೆ ಹಾಗೆಯೇ ಅನ್ವಯಿಸಬಾರದೆಂಬುದೇ ಮುದುಮಲೈಯ ಪಾಠ.

೬. ನೆರವಾಗುವ ನೆರೆ

ಇದುವರೆಗೆ ಹೇಳಿದುದರಿಂದ ನೆರೆಯೆಂದರೆ ಹಗೆಯೆಂಬ ಭಾವನೆ ಮೂಡಬಾರದು. ಕನ್ನಡನಾಡಿನ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಗಂಧವು ನೆರೆಯಿಲ್ಲದೆ ಚೆನ್ನಾಗಿ ಬಾಳಲಾರದು. ಗಂಧದ ಬೇರುಗಳು ಪಕ್ಕದ ಗಿಡದ ಬೇರುಗಳಿಗೆ ಅಂಟಿಕೊಂಡು ಅವುಗಳಿಂದ ನೀರನ್ನೂ ಲವಣಗಳನ್ನೂ ಹೀರುತ್ತವೆಂಬುದನ್ನು 1871ರಲ್ಲಿ ಜಾನ್ ಸ್ಕಾಟ್ ಕಂಡುಹಿಡಿದನು. ಗಂಧಕ್ಕೆ ಹಸಿರೆಲೆಗಳಿವೆ, ಸಕ್ಕರೆಯನ್ನು ಅದು ತಾನೇ ತಯಾರಿಸಿಕೊಳ್ಳಬಲ್ಲುದು. ಆದುದರಿಂದ ಅದು ಅರ್ಧಪರೋಪಜೀವಿ. ಅದು ಆಶ್ರಯಿಸುವ ಸಸ್ಯಜಾತಿಗಳು ಮುನ್ನೂರಕ್ಕೂ ಮಿಕ್ಕಿವೆ. ಸಸಿಯಾಗಿದ್ದಾಗ ತೊಗರಿಯಂತಹ ಗಿಡವನ್ನು ಜೊತೆಗೆ ಬೆಳೆಸುವುದು, ಹೊಲಕ್ಕೆ ನೆಟ್ಟ ಮೇಲೆ ಹೊಂಗೆ, ಸರ್ವೆ ಮುಂತಾದ ಮರಗಳನ್ನು ಪಕ್ಕದಲ್ಲಿರಿಸುವುದು ಇದೇ ಕಾರಣದಿಂದ. 2001ರಲ್ಲಿ ಕರ್ನಾಟಕದ ಕಾನೂನು ತಿದ್ದುಪಡಿಯಾಗಿ ಹೊಲದಲ್ಲಿನ ಗಂಧದ ಮರವು ಹೊಲದ ಒಡೆಯನದೆಂದಾದ ಮೇಲೆ ಅದನ್ನು ನೆಡುವ ಉತ್ಸಾಹವು ಹೆಚ್ಚಿತು. ಆಶ್ರಯಮರವಿಲ್ಲದೆ ಬರಿಯ ಗಂಧವನ್ನೇ ಸಾಲಾಗಿ ನೆಟ್ಟವನ ಶ್ರಮ ವ್ಯರ್ಥವಾಗುತ್ತದೆ. ಆಶ್ರಯಮರವನ್ನು ಗಂಧದ ಮೇಲೆ ಕವಿಯಲು ಬಿಟ್ಟವನಿಗೂ ನಷ್ಟವೇ.

ಬೇರುಗಳಿಗೆ ಅಂಟಿ ಬಾಳುವ ಶಿಲೀಂಧ್ರಗಳ ಎಳೆಗಳು ಒಂದು ಮರವನ್ನು ಇನ್ನೊಂದರೊಡನೆ ಜೋಡಿಸುವುದೂ ಉಂಟು. ಕೆನಡಾದ ಸುಝಾನ್ ಸಿಮಾರ್ಡ್ ಮತ್ತು ಸಂಗಡಿಗರು 1997ರಲ್ಲಿ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲವು ಸಾಗುವುದನ್ನು ತೋರಿಸಿದರು. ಇದರಿಂದ ಮರಗಳು ಪರಸ್ಪರ ಮಾತನಾಡುತ್ತವೆ, ತಾಯಿಮರವು ಮಕ್ಕಳನ್ನು ಗುರುತಿಸಿ ಸಾಕುತ್ತದೆಂಬ ಕಥೆಗಳು ಜನಪ್ರಿಯವಾದುವು. ಆದರೆ 2023ರಲ್ಲಿ ಈ ಕ್ಷೇತ್ರದವರೇ ಆದ ಮೂವರು ವಿಜ್ಞಾನಿಗಳು ಲಭ್ಯವಿರುವ ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ, ಕಾಡಿನಲ್ಲಿ ಅಷ್ಟೊಂದು ಹೇಳಲು ಆಧಾರ ಸಾಲದೆಂದು ಬರೆದರು. ಬೇರಿನ ಶಿಲೀಂಧ್ರಗಳ ಉಪಕಾರವು ನಿಜ. ವಾತ್ಸಲ್ಯದ ಕಥೆಗೆ ಪ್ರಮಾಣವು ಇನ್ನೂ ದೊರೆಯಬೇಕಾಗಿದೆ.

ಭಿನ್ನ ಜಾತಿಗಳ ನೆರೆಯಿಂದ ಲಾಭವುಂಟೆಂಬುದಕ್ಕೆ ಚೀನದ ಜಿಯಾಂಗ್‌ಶಿ ಪ್ರಾಂತದ ಪ್ರಯೋಗವು ನಿದರ್ಶನ. ಅಲ್ಲಿ ಒಂದೇ ಜಾತಿಯ ತೋಪುಗಳನ್ನೂ 16 ಜಾತಿಗಳವರೆಗಿನ ಮಿಶ್ರ ತೋಪುಗಳನ್ನೂ ನೆಟ್ಟು ಹೋಲಿಸಿದರು. 2018ರಲ್ಲಿ ಪ್ರಕಟವಾದ ಫಲದಂತೆ, ಎಂಟು ವರ್ಷಗಳಲ್ಲಿ 16 ಜಾತಿಗಳ ಮಿಶ್ರ ತೋಪು ಕೂಡಿಟ್ಟ ಇಂಗಾಲವು ಏಕಜಾತಿಯ ತೋಪುಗಳ ಸರಾಸರಿಯ ಎರಡು ಪಟ್ಟಿಗೂ ಮಿಕ್ಕಿತ್ತು. ವ್ಯಾಪಾರಕ್ಕಾಗಿ ಬೆಳೆಸುವ ಎರಡು ಜಾತಿಗಳ ತೋಪುಗಳು ಮಾತ್ರ ಅದಕ್ಕೆ ಸರಿಸಮನಾಗಿದ್ದುವು. ಒಂದರ ಬೇರು ಆಳಕ್ಕೆ, ಇನ್ನೊಂದರದು ಮೇಲ್ಪದರಕ್ಕೆ. ಒಂದು ಬಿಸಿಲನ್ನು ಬಯಸುವುದು, ಇನ್ನೊಂದು ನೆರಳನ್ನು ಸಹಿಸುವುದು. ಒಂದರ ರೋಗವು ಇನ್ನೊಂದಕ್ಕೆ ತಗುಲದು. ಈ ಭಿನ್ನತೆಯೇ ಒಟ್ಟು ಬೆಳೆಯನ್ನು ಹೆಚ್ಚಿಸುತ್ತದೆ.

೭. ಫಲಿತಾರ್ಥ

ಈ ವಿಚಾರಗಳಿಂದ ಆಚರಣೆಗೆ ಸಂಬಂಧಿಸಿದ ಕೆಲವು ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ಏಕಜಾತಿಯ ತೋಪನ್ನು ಅರಣ್ಯವೆಂದು ಕರೆಯುವುದು ಸಲ್ಲದು. ಮಲೆನಾಡು ಕರಾವಳಿಗಳ ಬೋಳುಗುಡ್ಡಗಳಲ್ಲಿ ಅಕೇಶಿಯವನ್ನು ನೆಟ್ಟಾಗ ನೆಲವು ಹಸುರಾಯಿತು, ಸೌದೆ ದೊರೆಯಿತು. ಆದರೆ ನೂರು ಜಾತಿಗಳ ನೆರೆಯಿಂದ ಆಗುವ ಕಾರ್ಯವು ಅಲ್ಲಿ ಆಗದು. ಎರಡನೆಯದಾಗಿ, ನೆಟ್ಟ ಸಸಿಗಳ ಸಂಖ್ಯೆಯನ್ನು ಸಾಧನೆಯೆಂದು ವರದಿ ಮಾಡುವುದರಲ್ಲಿ ಅರ್ಥವಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಯಾವುದರ ಪಕ್ಕದಲ್ಲಿ ಯಾವುದು ಉಳಿದಿದೆಯೆಂಬುದೇ ಸರಿಯಾದ ಲೆಕ್ಕ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಸ್ವಜಾತಿಯ ನೆರೆಯಿಂದ ಪಾರಾಗಲು ಬೀಜಕ್ಕೆ ವಾಹಕ ಬೇಕು. ಪಶ್ಚಿಮಘಟ್ಟದ ರಾಂಪತ್ರೆಯಂತಹ ದಪ್ಪಬೀಜದ ಮರಗಳಿಗೆ ಮಂಗಟ್ಟೆ ಮುಂತಾದ ದೊಡ್ಡ ಹಕ್ಕಿಗಳೇ ಆ ವಾಹಕರು. ಅವು ಹಣ್ಣನ್ನು ನುಂಗಿ ದೂರ ಹಾರಿ ಬೀಜವನ್ನು ಉಗುಳುತ್ತವೆ. ಕಾಡು ತುಂಡುತುಂಡಾಗಿ ಹಕ್ಕಿಗಳು ಕಾಣೆಯಾದರೆ ಬೀಜಗಳು ತಾಯಿಮರದ ಬುಡದಲ್ಲಿಯೇ ಬಿದ್ದು ಅಲ್ಲಿಯೇ ಕೊಳೆಯುತ್ತವೆ. ದೊಡ್ಡ ಮರಗಳು ಇನ್ನೂ ನಿಂತಿರುವುದರಿಂದ ನೋಡುವವರಿಗೆ ಕಾಡು ಮೊದಲಿನಂತೆಯೇ ಕಾಣುತ್ತದೆ. ಆ ಮರಗಳು ಉರುಳುವ ಕಾಲಕ್ಕೆ ಅವುಗಳ ಸ್ಥಾನವನ್ನು ತುಂಬುವ ಸಸಿಗಳು ಇರುವುದಿಲ್ಲ. ಹೀಗೆ ಬರಿದಾಗುತ್ತಿರುವ ಕಾಡನ್ನು ಮೇಲಿನಿಂದ ನೋಡಿ ಅರಿಯಲಾಗುವುದಿಲ್ಲ. ನೆಲದ ಮೇಲೆ ಬಾಗಿ, ಮರದ ಬುಡದಲ್ಲಿ ಮೊಳೆತ ಎಳೆಸಸಿಗಳನ್ನು ವರ್ಷ ವರ್ಷವೂ ಎಣಿಸಿಯೇ ಅರಿಯಬೇಕು. ಆ ಎಣಿಕೆಯ ಕೆಲಸವು ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವುದು ಅರಣ್ಯರಕ್ಷಣೆಯ ಒಂದು ಅಂಗವೇ ಆಗಿದೆ.